ಸಂಪಾದಕರ ಉತ್ತರ: ವಾಸಾ ಮುಳುಗಿದ ಮೇಲೆ ಆ ಅಡ್ಮಿರಲ್ ಏನಾದ?

ಪ್ರಿಯ ಓದುಗರೇ,

ಸ್ವೀಡನ್ನಿನ ವಾಸಾ ಹಡಗಿನ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದೀರಿ. 'ಹಡಗು ಮಗುಚುತ್ತೆ ಅಂತ ಮೊದಲೇ ಕಣ್ಣಾರೆ ನೋಡಿದ ಅಡ್ಮಿರಲ್ ಒಬ್ಬನಿದ್ದ ಅಂತ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ಅವನಿಗೆ ಶಿಕ್ಷೆ ಆಯ್ತಾ? ಆಮೇಲೆ ಏನಾದ?' ಅನ್ನೋದು ನಿಮ್ಮ ಪ್ರಶ್ನೆ. ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ: ಆ ಹಡಗು ಕಟ್ಟಿದವರು ಅದರಿಂದ ಏನಾದರೂ ಕಲಿತರಾ?

ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಶಿಕ್ಷೆ ಆಗಲಿಲ್ಲ, ಬಡ್ತಿ ಸಿಕ್ಕಿತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಮನುಷ್ಯನಿಗೂ ಅನ್ಯಾಯ, ನಿಮಗೂ ಅನ್ಯಾಯ.

ಅವನ ಹೆಸರು ಕ್ಲಾಸ್ ಫ್ಲೆಮಿಂಗ್. ಹುಟ್ಟಿದ್ದು 1592ರಲ್ಲಿ, ಫಿನ್ಲೆಂಡಿನ ಲೌಹಿಸಾರಿ ಎಂಬ ಜಮೀನ್ದಾರಿ ಊರಿನ ಮನೆತನದಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ ರಾಜ್ಯದ ಭಾಗವೇ ಆಗಿತ್ತು. ಇನ್ನೂ ಮೂವತ್ತು ತುಂಬುವ ಮೊದಲೇ ವೈಸ್ ಅಡ್ಮಿರಲ್ ಆದ, ಐದು ವರ್ಷದಲ್ಲಿ ರಾಜನ ಮಂತ್ರಿಮಂಡಳಿಗೂ ಸೇರಿದ. ಅವನ ಮೇಲಿದ್ದ ಮಹಾ ಅಡ್ಮಿರಲ್ ಕಾರ್ಲ್ ಯುಲ್ಲೆನ್‌ಹಿಯೆಲ್ಮ್ ಪೋಲೆಂಡಿನಲ್ಲಿ ವರ್ಷಗಟ್ಟಲೆ ಸಂಕೋಲೆಯಲ್ಲಿ ಸೆರೆಯಿದ್ದು ಬಂದವನು, ಆರೋಗ್ಯ ಅಷ್ಟಕ್ಕಷ್ಟೆ. ಹಾಗಾಗಿ ನೌಕಾಪಡೆಯ ದಿನನಿತ್ಯದ ಕೆಲಸ ಫ್ಲೆಮಿಂಗ್ ಹೆಗಲಿಗೆ ಬಿತ್ತು. ಮರ, ಹಗ್ಗ, ಟಾರು, ಫಿರಂಗಿ, ಸಂಬಳ, ಲೆಕ್ಕಪತ್ರ. ಹಡಗು ಹತ್ತಿ ಯುದ್ಧ ಮಾಡಿದ್ದಕ್ಕಿಂತ ಮೇಜಿನ ಮುಂದೆ ಕೂತು ಹಡಗುಗಳನ್ನು ಹೊರಡಿಸಿದ್ದೇ ಜಾಸ್ತಿ.

ಈಗ 1628ಕ್ಕೆ ಬರೋಣ. ವಾಸಾ ಸ್ಟಾಕ್‌ಹೋಮ್ ಅರಮನೆಯ ಮುಂದೆ ನಿಂತಿದೆ. ಎರಡು ಫಿರಂಗಿ ಅಟ್ಟ, 64 ಫಿರಂಗಿ. ರಾಜ ಗುಸ್ತಾವ್ ಅಡಾಲ್ಫ್ ದೂರದ ಪ್ರಷ್ಯಾದಲ್ಲಿ ಪೋಲೆಂಡ್ ಜೊತೆ ಕಾದಾಡುತ್ತಿದ್ದಾನೆ. ಹಡಗು ಬೇಗ ಕಳಿಸಿ ಅಂತ ಒಂದೇ ಒತ್ತಾಯ. ಕಟ್ಟಲು ಶುರು ಮಾಡಿದ ಹೆನ್ರಿಕ್ ಹೀಬರ್ಟ್ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದಾನೆ. ಆಗ ಫ್ಲೆಮಿಂಗ್ ಎದುರಿಗೆ ಒಂದು ಪರೀಕ್ಷೆ ನಡೆಯುತ್ತದೆ. ಮೂವತ್ತು ಜನ ನಾವಿಕರು ಮೇಲಿನ ಅಟ್ಟದಲ್ಲಿ ಈ ಬದಿಯಿಂದ ಆ ಬದಿಗೆ ಒಟ್ಟಿಗೇ ಓಡಬೇಕು. ಮೊದಲ ಓಟಕ್ಕೆ ಹಡಗು ಒಂದು ಹಲಗೆಯಗಲ ವಾಲಿತು. ಎರಡನೆಯದಕ್ಕೆ ಎರಡು ಹಲಗೆ. ಮೂರನೆಯದಕ್ಕೆ ಮೂರು. ಸಾಕು ನಿಲ್ಲಿಸಿ ಅಂದ ಫ್ಲೆಮಿಂಗ್. ಇನ್ನೊಂದು ಸಲ ಓಡಿಸಿದ್ದರೆ ಅಲ್ಲೇ ಮಗುಚುತ್ತಿತ್ತು.

ಇದನ್ನೆಲ್ಲ ಆಮೇಲೆ ವಿಚಾರಣೆಯಲ್ಲಿ ಹೇಳಿದವನು ಹಡಗಿನ ಮಾಸ್ಟರ್, ಅಂದರೆ ಹಡಗು ನಡೆಸುವ ಹೊಣೆಯಿದ್ದ ಯೋರಾನ್ ಮಾಟ್ಸನ್. ಅವನ ಹೇಳಿಕೆ ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ತಳದಲ್ಲಿ ಕಲ್ಲಿನ ಭಾರ ಜಾಸ್ತಿಯಾಗಿದೆ, ಕೆಳಗಿನ ಫಿರಂಗಿ ಕಿಂಡಿಗಳು ನೀರಿಗೆ ತೀರಾ ಹತ್ತಿರ ಬಂದಿವೆ ಅಂತ ಫ್ಲೆಮಿಂಗ್ ಅಂದನಂತೆ. ಹಡಗು ನೇರ ನಿಂತರೆ ದೇವರ ದಯೆ ಅಂತ ಮಾಟ್ಸನ್ ಅಂದಾಗ, ಕಟ್ಟಿದವನಿಗೆ ಇದೇನೂ ಮೊದಲ ಹಡಗಲ್ಲ, ನೀನು ತಲೆ ಕೆಡಿಸಿಕೊಳ್ಳಬೇಡ ಅನ್ನೋ ಉತ್ತರ ಬಂತು. ಗಮನಿಸಿ, ಕಲ್ಲು ತೆಗೆದರೆ ಹಡಗು ಇನ್ನೂ ಬೇಗ ಮಗುಚುತ್ತದೆ. ಹಾಕಿದರೆ ಕಿಂಡಿ ನೀರಿಗಿಳಿಯುತ್ತದೆ. ಅಷ್ಟು ಹೊತ್ತಿಗೆ ಸರಿಪಡಿಸಲು ದಾರಿಯೇ ಉಳಿದಿರಲಿಲ್ಲ. ಉಳಿದಿದ್ದು ಒಂದೇ: ರಾಜನಿಗೆ 'ಹಡಗು ಬರಲ್ಲ' ಅಂತ ಬರೆಯುವುದು. ಅದನ್ನು ಫ್ಲೆಮಿಂಗ್ ಬರೆಯಲಿಲ್ಲ.

ಆಗಸ್ಟ್ 10ರಂದು ವಾಸಾ ಹೊರಟಿತು. ಸುಮಾರು 1300 ಮೀಟರ್ ಹೋಗಿತ್ತು, ಅಷ್ಟೇ. ಒಮ್ಮೆ ಬೀಸಿದ ಗಾಳಿಯ ಹೊಡೆತಕ್ಕೆ ವಾಲಿತು, ತೆರೆದಿದ್ದ ಕಿಂಡಿಗಳಿಂದ ನೀರು ನುಗ್ಗಿತು, ಊರ ಜನರ ಕಣ್ಣೆದುರೇ ಮುಳುಗಿತು. ಸತ್ತವರು ಸುಮಾರು ಮೂವತ್ತು ಜನ. ವಿಚಾರಣೆ ನಡೆಯಿತು. ಕ್ಯಾಪ್ಟನ್ ಕುಡಿದಿರಲಿಲ್ಲ, ಫಿರಂಗಿಗಳು ಬಿಗಿಯಾಗಿಯೇ ಕಟ್ಟಿದ್ದವು. ಹಡಗಿನ ಅಳತೆ ಯಾರದು ಅಂದರೆ ರಾಜನೇ ಒಪ್ಪಿದ್ದು. ಇನ್ನು ಯಾರನ್ನು ಹಿಡಿಯುವುದು? ಯಾರಿಗೂ ಶಿಕ್ಷೆ ಆಗಲಿಲ್ಲ. ನನ್ನ ಪ್ರಕಾರ ಫ್ಲೆಮಿಂಗ್ ತಪ್ಪಿತಸ್ಥನೇ. ಆದರೆ ಅವನೊಬ್ಬನೇ ಅಲ್ಲ.

ಆಮೇಲೆ ಅವನ ಕೆಲಸ ಬೆಳೆಯುತ್ತಲೇ ಹೋಯಿತು. 1630ರಲ್ಲಿ ರಾಜ ತನ್ನ ಸೈನ್ಯವನ್ನು ಬಾಲ್ಟಿಕ್ ದಾಟಿಸಿ ಜರ್ಮನಿಯಲ್ಲಿ ಇಳಿಸಿದಾಗ ಆ ಸೈನ್ಯವನ್ನು ಹೊತ್ತದ್ದು ಇವನು ಸಂಭಾಳಿಸುತ್ತಿದ್ದ ನೌಕಾಪಡೆಯೇ. 1634ರಲ್ಲಿ ಸ್ಟಾಕ್‌ಹೋಮ್ ನಗರಕ್ಕೆ ಮೊದಲ ರಾಜ್ಯಪಾಲನಾದ. ಇವತ್ತು ಆ ಊರಿನ ನೋರ್ಮಾಲ್ಮ್, ಸೋಡರ್‌ಮಾಲ್ಮ್ ಕಡೆ ಹೋದರೆ ಬೀದಿಗಳು ನೇರಕ್ಕೆ ಚೌಕ ಚೌಕವಾಗಿ ಕಾಣುತ್ತವೆ ನೋಡಿ, ಅದು ಇವನ ಕಾಲದ ಯೋಜನೆ. ಅಮೆರಿಕದ ಡೆಲಾವೇರ್ ನದಿ ದಂಡೆಯಲ್ಲಿ ಸ್ವೀಡನ್ ಒಂದು ವಸಾಹತು ಮಾಡಿಕೊಂಡಿತ್ತು ಅಂದರೆ ನಂಬುತ್ತೀರಾ? 1638ರಲ್ಲಿ ಅಲ್ಲಿಗೆ ಹೋದ ಕಲ್ಮಾರ್ ನಿಕೆಲ್ ಹಡಗನ್ನು ಕಳಿಸಿದ ಕಂಪನಿಯ ಹಿಂದೆ ಇದ್ದವರಲ್ಲೂ ಇವನೊಬ್ಬ.

ಕೊನೆಗೆ ಅವನು ಮೇಜು ಬಿಟ್ಟು ಸಮುದ್ರಕ್ಕೆ ಇಳಿಯಲೇಬೇಕಾಯಿತು. 1643ರ ಕೊನೆಯಲ್ಲಿ ಸ್ವೀಡನ್ ಸೈನ್ಯ ಡೆನ್ಮಾರ್ಕ್ ಮೇಲೆ ಬಿತ್ತು. ಮರುವರ್ಷ ಬೇಸಿಗೆಯಲ್ಲಿ ಸುಮಾರು 40 ಹಡಗುಗಳೊಂದಿಗೆ ಸ್ಕೆಪ್ಟರ್ ಎಂಬ ಹಡಗು ಹತ್ತಿ ಫ್ಲೆಮಿಂಗ್ ಹೊರಟ. ಎದುರಿಗೆ ಬಂದವನು ಸ್ವತಃ ಡೆನ್ಮಾರ್ಕ್ ರಾಜ 4ನೇ ಕ್ರಿಶ್ಚಿಯನ್, ವಯಸ್ಸು 67. (ನಮಗೆ ಈ ರಾಜ ತೀರಾ ಅಪರಿಚಿತನೇನಲ್ಲ. ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಲ್ಲಿ ಡೇನರು ಕೋಟೆ ಕಟ್ಟಿದ್ದು ಇವನ ಕಾಲದಲ್ಲೇ.) ಜುಲೈ 1ರಂದು, ಅಂದಿನ ಹಳೆ ಪಂಚಾಂಗದ ಲೆಕ್ಕದಲ್ಲಿ, ಕೋಲ್ಬರ್ಗರ್ ಹೈಡೆ ಎಂಬ ಕಡಲ ಭಾಗದಲ್ಲಿ ದಿನವೆಲ್ಲ ಕಾದಾಟ. ರಾಜನ ಒಂದು ಕಣ್ಣು ಹೋಯಿತು. ಆದರೂ ಅವನು ಎದ್ದು ನಿಂತು ಕಾದಿದ. ರಕ್ತದ ಕಲೆಯ ಆ ಬಟ್ಟೆ ಇವತ್ತಿಗೂ ಕೋಪನ್‌ಹೇಗನ್‌ನ ರೋಸೆನ್‌ಬೋರ್ಗ್ ಅರಮನೆಯಲ್ಲಿದೆ. ಗೆದ್ದವರು ಯಾರೂ ಇಲ್ಲ.

ಫ್ಲೆಮಿಂಗ್ ತನ್ನ ಹಡಗುಗಳನ್ನು ಕೀಲ್ ಕೊಲ್ಲಿಗೆ ಒಯ್ದ. ಅಲ್ಲೇ ಸಿಕ್ಕಿಬಿದ್ದ. ಬಾಯಲ್ಲಿ ಡೇನರ ಹಡಗುಗಳು, ಗಾಳಿ ಎದುರು, ದಡದಲ್ಲಿ ಡೇನರ ಫಿರಂಗಿಗಳು. ಜುಲೈ 26ರ ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ಮುಖ ತೊಳೆಯುತ್ತಿದ್ದ. ದಡದಿಂದ ಹಾರಿದ ಒಂದು ಗುಂಡು ಒಳಗೆ ನುಗ್ಗಿ ಅವನ ಕಾಲು ಕಿತ್ತುಕೊಂಡು ಹೋಯಿತು. ಸೇವಕನೂ ಸತ್ತ. ಫ್ಲೆಮಿಂಗ್‌ಗೆ ಪ್ರಜ್ಞೆ ಇತ್ತು. ಸಾಯುವ ಮೊದಲು ಅಧಿಕಾರವನ್ನು ಕಾರ್ಲ್ ಗುಸ್ತಾವ್ ರಾಂಗೆಲ್‌ಗೆ ಒಪ್ಪಿಸಿದ. ರಾಂಗೆಲ್ ಹಡಗಿನವನೇ ಅಲ್ಲ, ಭೂಸೇನೆಯ ಅಧಿಕಾರಿ. ಆದರೆ ಲೆಕ್ಕಪತ್ರದ ಮನುಷ್ಯ ಕೊನೆ ಗಳಿಗೆಯಲ್ಲಿ ಆಳನ್ನು ಸರಿಯಾಗಿಯೇ ಅಳೆದಿದ್ದ. ಕೆಲವೇ ದಿನಕ್ಕೆ ಗಾಳಿ ತಿರುಗಿತು. ರಾತ್ರೋರಾತ್ರಿ ರಾಂಗೆಲ್ ಇಡೀ ಪಡೆಯನ್ನು ಕೊಲ್ಲಿಯಿಂದ ಆಚೆ ತಂದ. ಅಕ್ಟೋಬರ್‌ನಲ್ಲಿ ಫೇಮಾರ್ನ್ ಬಳಿ ಡೇನರ ಪಡೆಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ. 1645ರ ಒಪ್ಪಂದದಲ್ಲಿ ಗಾಟ್‌ಲೆಂಡ್ ದ್ವೀಪ ಸ್ವೀಡನ್ ಪಾಲಾಯಿತು.

ಶಿಕ್ಷೆಯ ಬಗ್ಗೆ ಕೇಳಿದಿರಲ್ಲ, ಈ ಕಥೆಯಲ್ಲಿ ತಲೆ ಕೊಟ್ಟ ಅಡ್ಮಿರಲ್ ಒಬ್ಬನಿದ್ದಾನೆ. ಅವನು ಡೇನ್, ಹೆಸರು ಪೇಡರ್ ಗಾಲ್ಟ್. ಕೊಲ್ಲಿಯ ಬಾಯಿ ಕಾಯುತ್ತಿದ್ದವನು. ಗಾಳಿ ತಿರುಗಿದಾಗ ಸ್ವೀಡನ್ ಹಡಗುಗಳು ಅವನ ಎದುರಿನಿಂದಲೇ ದಾಟಿಹೋದವು, ಇವನು ಮೇಲೆ ಬೀಳಲಿಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಕೋಪನ್‌ಹೇಗನ್‌ನಲ್ಲಿ ಅವನ ತಲೆ ಕಡಿಸಿದ ಕ್ರಿಶ್ಚಿಯನ್. ಒಂದು ಕಡೆ ರಾಜನದೇ ತಪ್ಪು, ಹಾಗಾಗಿ ಎಲ್ಲರೂ ಬಚಾವು. ಇನ್ನೊಂದು ಕಡೆ ರಾಜನಿಗೆ ಅವಮಾನ, ಹಾಗಾಗಿ ಒಬ್ಬನ ತಲೆ.

ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇತ್ತೀಚೆಗೆ. ವಾಸಾಗೆ ಎಪ್ಲೆಟ್ ಅಂತ ಒಂದು ಜೋಡಿ ಹಡಗಿತ್ತು. 1629ರಲ್ಲಿ ನೀರಿಗಿಳಿಯಿತು, ಮೂವತ್ತು ವರ್ಷ ತೇಲಿತು. ಆಮೇಲೆ ಶತ್ರು ಹಡಗುಗಳಿಗೆ ತಡೆಯಾಗಲಿ ಅಂತ ವಾಕ್ಸ್‌ಹೋಮ್ ಹತ್ತಿರ ಬೇಕೆಂದೇ ಮುಳುಗಿಸಿದರು. 2021ರಲ್ಲಿ ಮುಳುಗುಗಾರರಿಗೆ ಅದು ಸಿಕ್ಕಿತು. ಅಳೆದು ನೋಡಿದರೆ ವಾಸಾಗಿಂತ ಅಗಲ. ಹೀಬರ್ಟ್ಸನ್ ಸತ್ತ ಮೇಲೆ ಎರಡನ್ನೂ ಮುಗಿಸಿದ ಹೈನ್ ಯಾಕೋಬ್ಸನ್‌ಗೆ ಎಲ್ಲಿ ಎಡವಿದ್ದು ಅಂತ ಗೊತ್ತಿತ್ತು.

ಸಂಪಾದಕ