ಗ್ರಾನೈಟ್ ಕಟ್ಟೆಗೆ ಪೆಟ್ಟಾಗದ ಹಾಗೆ ಗೋಡೆ ಟೈಲ್ಸ್ ತೆಗೆಯಲು

ಅಡುಗೆ ಕಟ್ಟೆಯ ಗ್ರಾನೈಟ್ ಉಳಿಸಿಕೊಂಡು ಹಿಂದಿನ ಗೋಡೆಯ ಹಳೇ ಟೈಲ್ಸ್ ಮಾತ್ರ ತೆಗೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ, ನಮ್ಮನೆಯಲ್ಲೂ ಹಾಗೇ ಮಾಡಿಸಿದೆವು.

ಮೊದಲು ಮಿಕ್ಸಿ ಪ್ಲಗ್ಗಿನ ಎಂಸಿಬಿ (ಆ ಲೈನಿನ ಕರೆಂಟ್ ಕಡಿಯುವ ಮೇನ್ ಬೋರ್ಡಿನ ಸ್ವಿಚ್) ಆಫ್ ಮಾಡಿ. ಸಿಂಕ್ ಹಿಂದೆ ಪೈಪ್ ಇರುತ್ತದೆ, ಅಲ್ಲಿ ಜೋರಾಗಿ ಹೊಡೆಯಲೇಬೇಡಿ. ಗ್ರಾನೈಟ್ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಪ್ಲೈವುಡ್ ಇಡಿ. ಮುಖ್ಯವಾಗಿ, ಟೈಲ್ಸ್ ಮತ್ತು ಗ್ರಾನೈಟ್ ಸೇರುವ ಸಂದಿನ ಸಿಮೆಂಟನ್ನು ಮೊದಲೇ ಕೆರೆದು ಬಿಡಿಸಿ. ಇಲ್ಲದಿದ್ದರೆ ಪೆಟ್ಟು ನೇರ ಕಲ್ಲಿಗೆ ಹೋಗಿ ಅಂಚು ಚಕ್ಕೆ ಏಳುತ್ತದೆ. ನಮ್ಮಲ್ಲಿ ಒಲೆ ಹಿಂದೆ ಹೆಬ್ಬೆರಳಷ್ಟು ಹಾರಿತು, ಈಗಲೂ ನೋಡಿದಾಗ ಬೇಜಾರಾಗುತ್ತದೆ.

ಮೇಲಿನ ಸಾಲನ್ನು ಬೆರಳಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆಯಿಂದ ಶುರು ಮಾಡಿ, ಉಳಿ ಓರೆಯಾಗಿ ಹಿಡಿಯಿರಿ. ಪ್ಲಾಸ್ಟರ್ ಜೊತೆಗೇ ಕಿತ್ತು ಬಂದರೆ ಗಾಬರಿ ಬೇಡ. ಹೊಸದಾಗಿ ಬಳಿಸಿ, 7 ದಿನ ನೀರು ಹಾಕಿ. ಧೂಳು ಜಾಸ್ತಿ, ಕನ್ನಡಕ, ಮಾಸ್ಕ್ ಬಿಡಬೇಡಿ.