ಜಾಥಾ ಮಾಡಿದರೆ ಅಪಘಾತ ನಿಲ್ಲುತ್ತಾ?

ಪ್ರಶ್ನೆ: ಜನವರಿ ಬಂದರೆ ರಸ್ತೆ ಸುರಕ್ಷತೆ ಅಂತ ಜಾಥಾ, ಬ್ಯಾನರು, ರೇಡಿಯೊ ಜಾಹೀರಾತು. ಫೆಬ್ರವರಿಗೆ ಎಲ್ಲ ತಣ್ಣಗೆ. ಇದರಿಂದ ಯಾರಾದರೂ ಬದಲಾಗುತ್ತಾರಾ ಸಾರ್?
– ಒಬ್ಬ ಓದುಗರು, ತಿಪಟೂರು

ಉತ್ತರ: ಬರೀ ಜಾಥಾದಿಂದ ಬದಲಾಗುವುದಿಲ್ಲ. 2016ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತಲ್ಲ, ಆಗ ಅಂಗಡಿಗೆ ಓಡಿದವರಲ್ಲಿ ದಂಡಕ್ಕೆ ಹೆದರಿದವರೇ ಜಾಸ್ತಿ. ಅದಕ್ಕೇ ಇವತ್ತಿಗೂ ಎಷ್ಟೋ ತಲೆಗಳ ಮೇಲೆ ಅರ್ಧ ಹೆಲ್ಮೆಟ್, ಅದರ ಪಟ್ಟಿಯೂ ಸಡಿಲ. ಪೊಲೀಸರಿಗೆ ತೋರಿಸಲು ಅಷ್ಟು ಸಾಕು. ತಲೆ ಉಳಿಯಲು ಐಎಸ್‌ಐ ಗುರುತು ಬೇಕು, ಪಟ್ಟಿ ಬಿಗಿಯಾಗಿರಬೇಕು. ಪ್ರಚಾರ ಹೇಳಬೇಕಾದದ್ದು ಇದನ್ನು.

ನನ್ನ ತಕರಾರು ನಮ್ಮ ಪತ್ರಿಕೆಯವರ ಮೇಲೂ ಇದೆ. ‘ಯಮಸ್ವರೂಪಿ ಲಾರಿ’ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಸವಾರ ಹೆಲ್ಮೆಟ್ ಹಾಕಿದ್ದನೇ, ತಿರುವಿನಲ್ಲಿ ದೀಪ ಇತ್ತೇ, ಅದೇ ಜಾಗದಲ್ಲಿ ಹಿಂದೆಯೂ ಯಾರಾದರೂ ಬಿದ್ದಿದ್ದರೇ? ಕೇಳುವುದೇ ಇಲ್ಲ. ಯಮನನ್ನು ಬೈದರೆ ಲೋಕೋಪಯೋಗಿ ಇಲಾಖೆಗೆ ಏನೂ ನಷ್ಟವಿಲ್ಲ, ಅಲ್ವಾ?

ಒಂದು ವಿಷಯದಲ್ಲಂತೂ ಪ್ರಚಾರ ನಿಜಕ್ಕೂ ಜೀವ ಉಳಿಸಬಲ್ಲದು. ಕೇಸು, ಸಾಕ್ಷಿ ಅಂತ ಅಲೆದಾಡಬೇಕಾಗುತ್ತದೆ ಎಂದು ಹೆದರಿ ಜನ ಗಾಯಾಳುವನ್ನು ಮುಟ್ಟುವುದಿಲ್ಲ. ಆದರೆ ನೆರವಾದವರಿಗೆ 2016ರಲ್ಲೇ ಸುಪ್ರೀಂ ಕೋರ್ಟ್ ರಕ್ಷಣೆ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಗೂ ಸೇರಿತು. ಆಸ್ಪತ್ರೆಗೆ ಕರೆತಂದವರು ಹೆಸರು ಹೇಳಲೇಬೇಕೆಂದಿಲ್ಲ. ನಿಮ್ಮೂರಿನ ಮುಂದಿನ ಜಾಥಾದ ಬ್ಯಾನರಿನಲ್ಲಿ ಇದೊಂದನ್ನೇ ದಪ್ಪಕ್ಷರದಲ್ಲಿ ಬರೆಸಿ.