ಓದುಗರ ಪ್ರಶ್ನೆ: ಟೈಟಾನಿಯಂ ರೋಡ್ ಸೈಕಲ್

ಪ್ರಶ್ನೆ: ಟೈಟಾನಿಯಂ ಸೈಕಲ್ ಇರುವವರು ಯಾರನ್ನು ಕೇಳಿದರೂ ‘ಬೆಣ್ಣೆ ಹಾಗೆ ಹೋಗುತ್ತೆ, ರಸ್ತೆಯ ಕುಲುಕಾಟ ಗೊತ್ತೇ ಆಗಲ್ಲ’ ಅನ್ನುತ್ತಾರೆ. ನನ್ನದು ಅಲ್ಯೂಮಿನಿಯಂ ಸೈಕಲ್, 25 ಮಿ.ಮೀ. ಟೈರು. ಲಕ್ಷಗಟ್ಟಲೆ ಸುರಿದರೆ ಆ ಹಿತ ನಿಜಕ್ಕೂ ಸಿಗುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಸಿಗುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ಟೈರು, ಗಾಳಿ ಮತ್ತು ಸೀಟ್ ಪೋಸ್ಟಿನದು (ಸೀಟನ್ನು ಹೊತ್ತು ಫ್ರೇಮಿನೊಳಗೆ ಕೂರುವ ಕೊಳವೆ), ಲೋಹದ್ದಲ್ಲ. ಸರಿಯಾಗಿ ಗಾಳಿ ತುಂಬಿದ ಟೈರು ಸವಾರ ಕೂತಾಗ ತನ್ನ ಎತ್ತರದ ಸುಮಾರು ಶೇ 15ರಷ್ಟು ಅಮುಕುತ್ತದೆ. 28 ಮಿ.ಮೀ. ಟೈರಿನಲ್ಲಿ ಅದು 4 ಮಿ.ಮೀ. ಮೇಲಾಯಿತು. ಫ್ರೇಮಿನ ಹಿಂದಿನ ತ್ರಿಕೋನ ಉಕ್ಕಿನದಾಗಲಿ ಟೈಟಾನಿಯಂನದಾಗಲಿ, ಮೇಲಿನಿಂದ ಕೆಳಕ್ಕೆ ಅದರ ಹತ್ತಿರಕ್ಕೂ ಬಾಗುವುದಿಲ್ಲ. ಟೈಟಾನಿಯಂ ಕೊಂಡವರು ಸಾಮಾನ್ಯವಾಗಿ ಅದರ ಜೊತೆಗೇ 25ರಿಂದ 30–32ರ ಟೈರಿಗೆ ಬಂದಿರುತ್ತಾರೆ, ದಪ್ಪ ಅಲ್ಯೂಮಿನಿಯಂ ಪೋಸ್ಟ್ ಬಿಟ್ಟು 27.2 ಮಿ.ಮೀ.ನ ಕಾರ್ಬನ್ ಪೋಸ್ಟ್ ಹಾಕಿಸಿರುತ್ತಾರೆ. ಹೆಸರು ಮಾತ್ರ ಲೋಹಕ್ಕೆ ಬರುತ್ತದೆ.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಈಗಿರುವ ಸೈಕಲ್ಲಿನಲ್ಲೇ ಪ್ರಯತ್ನಿಸಿ. ಟೈರಿನ ಎರಡೂ ಪಕ್ಕ ಮತ್ತು ಮೇಲೆ 4 ಮಿ.ಮೀ. ಜಾಗ ಉಳಿಯುವುದಾದರೆ 28ರ ಟೈರು ಹಾಕಿ. ಸವಾರ, ಸೈಕಲ್ ಸೇರಿ 80 ಕೆ.ಜಿ. ಆಸುಪಾಸು ಇದ್ದರೆ ಹಿಂದೆ 70, ಮುಂದೆ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಂದ ಶುರು ಮಾಡಿ, ಪ್ರತಿ ಸವಾರಿಗೆ 3 ಪಿಎಸ್‌ಐ ಇಳಿಸುತ್ತ ಬನ್ನಿ. ತಿರುವಿನಲ್ಲಿ ಮುಂದಿನ ಚಕ್ರ ಓಲಾಡಿದರೆ, ಇಲ್ಲವೇ ಗುಂಡಿಯಲ್ಲಿ ರಿಮ್ ಬಡಿದ ಸದ್ದು ಬಂದರೆ 5 ಏರಿಸಿ ಅಲ್ಲಿಗೆ ನಿಲ್ಲಿಸಿ. 32ರ ಟೈರಾದರೆ ಹಿಂದೆ 58, ಮುಂದೆ 54 ಸಾಕು. ಅಂಚಿನಲ್ಲಿ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ ಇದ್ದರೆ 72 ಪಿಎಸ್‌ಐ, ಅಂದರೆ 5 ಬಾರ್, ದಾಟಲೇಬಾರದು. ಟೈರು ಕಳಚಿ ಹಾರುತ್ತದೆ. ರೋಡ್ ಸೈಕಲ್ ಅಂದರೆ ನೂರು ತುಂಬಬೇಕು ಎಂಬ ಅಭ್ಯಾಸವನ್ನು ಬಿಟ್ಟರೇ ಅರ್ಧ ಹಿತ ಬಂದುಬಿಡುತ್ತದೆ.

ಹಾಗಾದರೆ ದುಡ್ಡು ಯಾತಕ್ಕೆ? ಬಾಳಿಕೆಗೆ. ಟೈಟಾನಿಯಂಗೆ ತುಕ್ಕಿಲ್ಲ, ಬಣ್ಣ ಬೇಕಿಲ್ಲ, ಮಿತಿಯೊಳಗಿನ ಭಾರವನ್ನು ಎಷ್ಟು ಸಲ ಹೊತ್ತರೂ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಈ ಕೊನೆಯ ಗುಣ ಇಲ್ಲ. ಇಪ್ಪತ್ತು ವರ್ಷ ಒಂದೇ ಫ್ರೇಮು ಇಟ್ಟುಕೊಳ್ಳುವ ಮನಸ್ಸಿದ್ದರೆ ಕೊಳ್ಳಿ. ಐದು ವರ್ಷಕ್ಕೊಮ್ಮೆ ಬದಲಾಯಿಸುವವರಿಗೆ ನಾವು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ನನ್ನ ತೂಕ 94 ಕೆ.ಜಿ. ಏರಿನಲ್ಲಿ ಎದ್ದು ನಿಂತು ತುಳಿದರೆ ಚೈನು ಗೇರ್ ಬದಲಿಸುವ ಮುಂದಿನ ಡಿರೇಲರಿಗೆ ಉಜ್ಜುತ್ತದೆ. ‘ಟೈಟಾನಿಯಂ ಮೆತ್ತಗೆ, ದಪ್ಪ ಆಳಿಗೆ ಆಗಿಬರಲ್ಲ’ ಎಂದು ಕ್ಲಬ್ಬಿನವರ ಅಭಿಪ್ರಾಯ.
— ಓದುಗರು, ಹುಬ್ಬಳ್ಳಿ

ಉತ್ತರ: ಅರ್ಧ ನಿಜ. ಟೈಟಾನಿಯಂನ ಬಿಗುವು, ಅಂದರೆ ಬಾಗದೆ ತಡೆಯುವ ಗುಣ, ಸುಮಾರು 105–110 ಗಿಗಾಪಾಸ್ಕಲ್, ಉಕ್ಕಿನದು 200ರ ಹತ್ತಿರ. ಅದೇ ಅಳತೆಯ ಕೊಳವೆ ಮಾಡಿದರೆ ಅರ್ಧದಷ್ಟೇ ಬಿಗುವು. ಆದರೆ ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸವನ್ನು ಕಾಲುಭಾಗ ಹೆಚ್ಚಿಸಿದರೆ ಬಿಗುವು ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ, ಯಾಕೆಂದರೆ ಅದು ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. ಮೆತ್ತಗಿನ ಟೈಟಾನಿಯಂ ಎಂಬ ಹೆಸರು ಬಂದಿದ್ದು ಸಣ್ಣ ವ್ಯಾಸದ ಕೊಳವೆಗಳ ಹಳೆಯ ಫ್ರೇಮುಗಳಿಂದ.

ನಿಮ್ಮ ತೂಕಕ್ಕೆ ಡೌನ್ ಟ್ಯೂಬು (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) 44 ಮಿ.ಮೀ. ಹತ್ತಿರ ಇರಲಿ. ಹೆಡ್ ಟ್ಯೂಬು (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) 44 ಮಿ.ಮೀ.ನದು ಅಥವಾ ಕೆಳಗೆ ಅಗಲವಾಗುವಂಥದು, ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗುವ ಜಾಗ) ಟಿ47 ಎಂಬ ಅಳತೆಯದಾದರೆ ಉತ್ತಮ. ಟಿ47ರ ಅಗಲ ಬುಡದಿಂದಾಗಿ ಚೈನ್‌ಸ್ಟೇ (ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ), ಡೌನ್ ಟ್ಯೂಬು ಎರಡನ್ನೂ ದಪ್ಪದ್ದು ಬೆಸೆಯಬಹುದು. ಕೊಳವೆ ಗ್ರೇಡ್ 9 ಇದ್ದರೆ ಧಾರಾಳ ಸಾಕು. ಶೇ 3 ಅಲ್ಯೂಮಿನಿಯಂ, ಶೇ 2.5 ವನೇಡಿಯಂ ಇರುವ ಈ ಮಿಶ್ರಲೋಹದ ಕೊಳವೆಯನ್ನೇ ವಿಮಾನದ ಹೈಡ್ರಾಲಿಕ್ ಕೊಳವೆಗೂ ಬಳಸುತ್ತಾರೆ. ಗ್ರೇಡ್ 5 ಹೆಚ್ಚು ಗಟ್ಟಿಮುಟ್ಟು ನಿಜ, ಆದರೆ ಬಿಗುವಿನಲ್ಲಿ ವ್ಯತ್ಯಾಸ ತೀರಾ ಕಡಿಮೆ. ಅದರ ಹೆಸರಿಗೆ ಹೆಚ್ಚು ಕೊಡಬೇಡಿ.

ಉಜ್ಜುವ ಸದ್ದಿಗೆ ಫ್ರೇಮನ್ನು ದೂರುವ ಮುಂಚೆ ಡಿರೇಲರಿನ ಹೊರಗಿನ ಲಿಮಿಟ್ ಸ್ಕ್ರೂ ಕಾಲು ಸುತ್ತು ಬಿಚ್ಚಿ, ಕೇಬಲ್ ಬಿಗಿ ನೋಡಿ.

ಪ್ರಶ್ನೆ: ಎರಡು ಮಳೆಗಾಲ ಕಳೆದಿದೆ. ಟೈಟಾನಿಯಂ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಜಾಮ್ ಆಗಿ ಕೂತಿದೆ. ತುಕ್ಕೇ ಹಿಡಿಯದ ಲೋಹ ಅಂದರಲ್ಲ? ಮೆಕ್ಯಾನಿಕ್ ಕಾಯಿಸಿ ತೆಗೆಯುತ್ತೇನೆ ಅನ್ನುತ್ತಿದ್ದಾರೆ.
— ಓದುಗರು, ಮಂಗಳೂರು

ಉತ್ತರ: ಕಾಯಿಸಲು ಬಿಡಬೇಡಿ! ಬಿಸಿಗೆ ಅಲ್ಯೂಮಿನಿಯಂ ಟೈಟಾನಿಯಂಗಿಂತ ಎರಡೂವರೆ ಪಟ್ಟು ಹಿಗ್ಗುತ್ತದೆ. ಒಳಗಿರುವುದು ಅಲ್ಯೂಮಿನಿಯಂ ಆದ್ದರಿಂದ ಕಾಯಿಸಿದಷ್ಟೂ ಬಿಗಿಯಾಗುತ್ತದೆ. ನಿಮಗೆ ಬೇಕಾದ್ದು ತಣಿಸುವುದು.

ಕೊಳೆತಿರುವುದು ಫ್ರೇಮಲ್ಲ, ಪೋಸ್ಟು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಗುತ್ತದೆ, ಸವೆಯುವ ಪಾಲು ಅಲ್ಯೂಮಿನಿಯಂಗೆ ಬರುತ್ತದೆ. ಬಿಳಿ ಪುಡಿಯಾಗಿ ಹುಟ್ಟುವ ಆಕ್ಸೈಡು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಎಲ್ಲೂ ಜಾಗ ಇಲ್ಲದೆ ಬೆಣೆಯಂತೆ ಕೂರುತ್ತದೆ. ಕರಾವಳಿಯ ಗಾಳಿಗೆ, ಬೆವರಿಗೆ ಈ ಕೆಲಸಕ್ಕೆ ಒಂದು ಮಳೆಗಾಲ ಸಾಕು.

ಬಿಡಿಸುವುದು ಹೀಗೆ. ಸೀಟು ತೆಗೆದು, ಕ್ಲಾಂಪನ್ನು ಪೂರ್ತಿ ಕಳಚಿ. ಕ್ರ್ಯಾಂಕು, ಬಾಟಮ್ ಬ್ರಾಕೆಟ್ ಬಿಚ್ಚಿ ಫ್ರೇಮನ್ನು ತಲೆಕೆಳಗು ಮಾಡಿ, ಸೀಟ್ ಟ್ಯೂಬಿನೊಳಕ್ಕೆ ಕೆಳಗಿನಿಂದ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಮೇಲಿನ ಅಂಚಿನ ಸೀಳಿಗೂ ಹಾಕಿ. ಮರುದಿನ ಪೋಸ್ಟಿನ ತಲೆಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಫ್ರೇಮನ್ನೇ ಹಿಡಿದು ನಿಧಾನ ಎರಡೂ ಕಡೆ ತಿರುಗಿಸಿ. ಎಳೆಯುವುದಲ್ಲ, ತಿರುಗಿಸುವುದು, ‘ಟಕ್’ ಎಂದು ಒಮ್ಮೆ ಬಿಟ್ಟರೆ ಮುಂದಿನದು ಸಲೀಸು. ಬಿಡದಿದ್ದರೆ ಪೋಸ್ಟಿನ ಟೊಳ್ಳಿಗೆ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಪುಡಿ ತುಂಬಿ, ದಪ್ಪ ಕೈಗವಸು ಹಾಕಿ, ಕಿಟಕಿ ತೆರೆದಿಟ್ಟು. 27.2 ಮಿ.ಮೀ. ಪೋಸ್ಟು ನೂರು ಡಿಗ್ರಿ ತಣಿದರೆ ಸುಮಾರು 0.06 ಮಿ.ಮೀ. ಕುಗ್ಗುತ್ತದೆ. ಕಡಿಮೆ ಅನ್ನಿಸಬಹುದು, ಆಕ್ಸೈಡಿನ ಹಿಡಿತ ತಪ್ಪಿಸಲು ಅಷ್ಟೇ ಬೇಕು. ಫ್ರೇಮೂ ತಣಿಯುವ ಮೊದಲು, ಎರಡು ಮೂರು ನಿಮಿಷದೊಳಗೆ ತಿರುಗಿಸಬೇಕು.

ಪೋಸ್ಟನ್ನು ಕತ್ತರಿಸಿ ಒಳಗಿನಿಂದ ಹ್ಯಾಕ್ಸಾದಲ್ಲಿ ಸೀಳುವುದು ಕೊನೆಯ ದಾರಿ. ಬ್ಲೇಡು ಟೈಟಾನಿಯಂಗೆ ತಾಗಿ ಗೀರಾದರೆ ಮುಂದೆ ಬಿರುಕು ಅಲ್ಲಿಂದಲೇ ಶುರು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ, ಟೈಟಾನಿಯಂ ಅನ್ನು ಮುಟ್ಟುವುದಿಲ್ಲ. ಆದರೆ ಜಲಜನಕ ಏಳುತ್ತದೆ, ದ್ರವ ಕುದಿದು ಉಕ್ಕುತ್ತದೆ. ಮನೆಯಲ್ಲಿ ಮಾಡುವ ಕೆಲಸವಲ್ಲ.

ಹೊಸ ಪೋಸ್ಟಿಗೆ ಸಾದಾ ಗ್ರೀಸ್ ಬೇಡ, ಮಳೆಯಲ್ಲಿ ತೊಳೆದುಹೋಗುತ್ತದೆ. ತಾಮ್ರ ಅಥವಾ ನಿಕ್ಕಲ್ ಇರುವ ಆ್ಯಂಟಿ-ಸೀಜ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಬಳಿದು, ಕ್ಲಾಂಪ್ 5 ನ್ಯೂಟನ್ ಮೀಟರಿಗೆ ಬಿಗಿಯಿರಿ. ನಿಮ್ಮ ಊರಿನ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ. ಕಾರ್ಬನ್ ಪೋಸ್ಟು ಹಾಕಿದರೆ ಆ್ಯಂಟಿ-ಸೀಜ್ ಅಲ್ಲ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್.

ಪ್ರಶ್ನೆ: ತುಳಿದಾಗಲೆಲ್ಲ ಕಿರ್ ಕಿರ್ ಸದ್ದು. ಟೈಟಾನಿಯಂ ಫ್ರೇಮಿನ ಗುಣವೇ ಹೀಗಾ?
— ಓದುಗರು, ಬೆಂಗಳೂರು

ಉತ್ತರ: ಅಲ್ಲ. ಎದ್ದು ನಿಂತು ತುಳಿಯಿರಿ; ಸದ್ದು ನಿಂತರೆ ಸೀಟಿನ ಹಳಿ ಅಥವಾ ಪೋಸ್ಟು. ನಿಲ್ಲದಿದ್ದರೆ ಪೆಡಲಿನ ತಿರುಪು ಎಳೆಗಳಿಗೆ ಗ್ರೀಸ್ ಹಚ್ಚಿ, ಚೈನ್‌ರಿಂಗ್ ಬೋಲ್ಟ್ ನೋಡಿ, ಹಿಂದಿನ ಚಕ್ರದ ಆಕ್ಸಲ್ ಕೂರುವ ಜಾಗ ಒರೆಸಿ. ಆಮೇಲೆ ಬಾಟಮ್ ಬ್ರಾಕೆಟ್. ಅದರ ಕಪ್‌ಗಳನ್ನು (ಎರಡೂ ಬದಿಯಿಂದ ತಿರುಗಿಸಿ ಕೂರಿಸುವ ಬೇರಿಂಗ್ ಬಟ್ಟಲು) ಒಣಗಿದ ಎಳೆಗೆ ಹಾಕಿದ್ದರೆ ಟೈಟಾನಿಯಂ ಎಳೆ ಕಚ್ಚಿಕೊಂಡು ಹರಿದುಹೋಗುತ್ತದೆ, ಆ ಹಾನಿ ಸರಿಪಡಿಸುವುದು ಕಷ್ಟ. ಎಳೆಗಳನ್ನು ಬ್ರಷ್‌ನಿಂದ ಶುದ್ಧ ಮಾಡಿ, ಆ್ಯಂಟಿ-ಸೀಜ್ ಹಾಕಿ, ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಬೇಕು. ಬಹುತೇಕ ಫ್ರೇಮುಗಳಲ್ಲಿ ಬಲಗಡೆಯ ಕಪ್ ಉಲ್ಟಾ ಎಳೆ ಎಂಬುದು ನೆನಪಿರಲಿ. ಬಿಗಿ 35ರಿಂದ 50 ನ್ಯೂಟನ್ ಮೀಟರ್. ಇಷ್ಟಾದರೂ ಸದ್ದು ಇದ್ದರೆ ಬೆಸುಗೆಗಳನ್ನು ಪರೀಕ್ಷಿಸಿ. ಹೇಗೆಂದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಇಲ್ಲಿ 90ರ ದಶಕದ ಲೈಟ್‌ಸ್ಪೀಡ್ ಫ್ರೇಮೊಂದು ಮಾರಾಟಕ್ಕಿದೆ. ಕೊಳ್ಳುವ ಮುನ್ನ ಏನು ನೋಡಬೇಕು?
— ಕನ್ನಡಿಗ ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಟೆನೆಸಿಯ ಲೈಟ್‌ಸ್ಪೀಡ್ 1986ರಿಂದ ಟೈಟಾನಿಯಂ ಫ್ರೇಮು ಮಾಡುತ್ತಿದೆ, ಅದನ್ನು ಕಟ್ಟಿದ ಲಿನ್ಸ್ಕಿ ಕುಟುಂಬ 2006ರಲ್ಲಿ ತನ್ನ ಹೆಸರಿನಲ್ಲೇ ಬೇರೆ ಕಂಪನಿ ಶುರು ಮಾಡಿತು. ಆ ಕಾಲದ ಕೆಲಸ ಚೆನ್ನಾಗಿದೆ. ಆದರೆ ಹಿಂದಿನ ಚಕ್ರದ ಜಾಗ 130 ಮಿ.ಮೀ., ರಿಮ್ ಬ್ರೇಕು, ಸಾಮಾನ್ಯವಾಗಿ 25ಕ್ಕಿಂತ ದೊಡ್ಡ ಟೈರು ಹಿಡಿಯುವುದು ಕಷ್ಟ. ಮೊದಲ ಉತ್ತರದಲ್ಲಿ ಹೇಳಿದ ಹಿತ ಬೇಕಿದ್ದರೆ ಇದು ನಿಮ್ಮ ಫ್ರೇಮಲ್ಲ.

ಆದರೂ ಇಷ್ಟವಾಗಿದ್ದರೆ ಪೋಸ್ಟು, ಬಾಟಮ್ ಬ್ರಾಕೆಟ್ ಎರಡನ್ನೂ ಬಿಚ್ಚಿ ತೋರಿಸಲು ಹೇಳಿ. ಒಪ್ಪದವರ ಬಳಿ ಕೊಳ್ಳಬೇಡಿ. ಟಾರ್ಚ್ ಹಾಕಿ ಬಾಟಮ್ ಬ್ರಾಕೆಟ್ ಒಳಗಿನಿಂದ ಬೆಸುಗೆಯ ಬೆನ್ನು ನೋಡಿ. ಬೆಳ್ಳಿ ಬಣ್ಣ ಅಥವಾ ತಿಳಿ ಹುಲ್ಲಿನ ಬಣ್ಣ ಒಳ್ಳೆಯದು. ಬೂದು, ಬಿಳಿ ಪುಡಿ ಕಂಡರೆ ಬೆಸೆಯುವಾಗ ಒಳಗೆ ಆರ್ಗಾನ್ ಸಾಲದೆ ಲೋಹ ಗಾಳಿಯನ್ನು ಹೀರಿ ಪೆಡಸಾಗಿದೆ ಎಂದರ್ಥ. ಹೊರಗಿನ ಬಣ್ಣವನ್ನು ಉಜ್ಜಿ ಹೊಳಪು ಕೊಟ್ಟಿರುತ್ತಾರೆ, ಅದನ್ನು ನಂಬಬೇಡಿ.

ಬಿರುಕು ಬೆಸುಗೆಯ ಮೇಲಲ್ಲ, ಅದರ ಪಕ್ಕದ ಒಂದೆರಡು ಮಿಲಿಮೀಟರಿನಲ್ಲಿ ಏಳುತ್ತದೆ. ಹೆಡ್ ಟ್ಯೂಬಿನ ಬಳಿ ಡೌನ್ ಟ್ಯೂಬಿನ ಅಡಿಭಾಗ, ಸೀಟ್ ಟ್ಯೂಬಿನ ಸೀಳಿನ ಕೊನೆ, ಬಲ ಚೈನ್‌ಸ್ಟೇಯ ಬುಡ, ಬಾಟಲಿ ಬೋಲ್ಟಿನ ಸುತ್ತ, ಇಷ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಭೂತಗನ್ನಡಿಯಲ್ಲಿ ನೋಡಿ. ಕೂದಲಿನಂಥ ಗೆರೆ ಕಂಡು ಗೀರೋ ಬಿರುಕೋ ತಿಳಿಯದಿದ್ದರೆ ಡೈ ಪೆನೆಟ್ರಂಟ್ ಮಾಡಿಸಿ: ಕೆಂಪು ದ್ರವ ಹತ್ತು ನಿಮಿಷ, ಒರೆಸಿ, ಬಿಳಿ ಡೆವಲಪರ್. ಬಿರುಕಿದ್ದರೆ ಕೆಂಪು ಗೆರೆ ಮೇಲೆದ್ದು ಬರುತ್ತದೆ. ಊರಿಗೆ ತಂದಮೇಲೆ ಅನುಮಾನ ಬಂದರೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ತಪಾಸಣೆ ಮಾಡುವವರನ್ನು ವಿಚಾರಿಸಿ. ಇನ್ನೊಂದು ಮಾತು: ಫ್ರೇಮಿನ ಆಜೀವ ವಾರಂಟಿ ಬಹುತೇಕ ಮೊದಲ ಮಾಲೀಕರಿಗೆ ಮಾತ್ರ.

ಪ್ರಶ್ನೆ: ಟೈಟಾನಿಯಂ ಫ್ರೇಮು ಕಾರ್ಬನ್‌ಗಿಂತ ಅರ್ಧ ಕೆ.ಜಿ. ಹೆಚ್ಚು. ನಂದಿ ಬೆಟ್ಟ ಹತ್ತುವಾಗ ಎಷ್ಟು ನಷ್ಟ?
— ಓದುಗರು, ದೊಡ್ಡಬಳ್ಳಾಪುರ

ಉತ್ತರ: ಸವಾರ, ಸೈಕಲ್ ಸೇರಿ 80 ಕೆ.ಜಿ. ಎಂದಿಟ್ಟುಕೊಂಡರೆ ಅರ್ಧ ಕೆ.ಜಿ. ಶೇ 0.6. ಅರ್ಧ ಗಂಟೆಯ ಏರಿನಲ್ಲಿ ಹತ್ತು ಹನ್ನೊಂದು ಸೆಕೆಂಡು. ರೇಸಿನವರಿಗೆ ದೊಡ್ಡದು, ಉಳಿದವರು ಒಂದು ಬಾಟಲಿ ನೀರು ಕಡಿಮೆ ಹೊತ್ತರೂ ಅಷ್ಟೇ ಉಳಿಯುತ್ತದೆ.

ಪ್ರಶ್ನೆ: ಟಾಪ್ ಟ್ಯೂಬಿನ ಮೇಲೆ ಗೀರು ಬಿದ್ದಿದೆ. ಪಾಲಿಶ್ ಮಾಡಿಸಬೇಕೆ?
— ಓದುಗರು, ಶಿವಮೊಗ್ಗ

ಉತ್ತರ: ಮೊದಲು ಮೇಲ್ಮೈ ಯಾವ ಬಗೆಯದು ನೋಡಿ. ಒಂದೇ ದಿಕ್ಕಿನ ಸೂಕ್ಷ್ಮ ಗೆರೆಗಳಿದ್ದರೆ ಬ್ರಷ್ ಮಾಡಿದ್ದು. ಕೈಗಾರಿಕಾ ಬಳಕೆಯ ಸ್ಕಾಚ್‌ಬ್ರೈಟ್ ತುಂಡಿನಿಂದ ಆ ಗೆರೆಗಳ ದಿಕ್ಕಿನಲ್ಲೇ ಹಗುರವಾಗಿ ಉಜ್ಜಿ, ಐದು ನಿಮಿಷದಲ್ಲಿ ಮಾಯ. ಗೆರೆಯಿಲ್ಲದೆ ಮಂಕು ಬೂದು ಬಣ್ಣವಿದ್ದರೆ ಬೀಡ್ ಬ್ಲಾಸ್ಟ್ (ಸಣ್ಣ ಮಣಿಗಳನ್ನು ರಭಸವಾಗಿ ಸಿಡಿಸಿ) ಮಾಡಿದ್ದು. ಉಜ್ಜಿದ ಕಡೆ ಹೊಳೆಯುವ ಕಲೆ ಉಳಿಯುತ್ತದೆ, ಹಾಗೇ ಬಿಡಿ. ನೀಲಿ, ನೇರಳೆ, ಚಿನ್ನದ ಬಣ್ಣದ ಆನೋಡೈಸ್ ಭಾಗಗಳನ್ನಂತೂ ಉಜ್ಜಲೇಬೇಡಿ. ಅದು ಬಳಿದ ಬಣ್ಣವಲ್ಲ, ತೆಳ್ಳನೆಯ ಆಕ್ಸೈಡ್ ಪದರ. ಕಾರಿನ ಚಕ್ರ ತೊಳೆಯುವ ಆ್ಯಸಿಡ್ ದ್ರವಗಳೂ ಅದನ್ನು ತಿನ್ನುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರು ಸಾಕು.